ಸಾವಂತ್ರವ್ವನ ಹಾಳೆ

ನಮ್ಮೂರಲ್ಲಿ ಪುಸ್ತಕ ಓದಿದ್ದೇನೆ ಎಂದು ಸುಳ್ಳು ಹೇಳುವ ಹಾಗಿಲ್ಲ. ಮನಸ್ಸಿಟ್ಟು ಕೊನೆಯವರೆಗೆ ಓದಿದರೆ ಮೂರನೆಯ ದಿನ ಬೆಳಿಗ್ಗೆ ಆ ಪುಸ್ತಕದ ಕೊನೆಗೆ ಹೊಸದೊಂದು ಹಾಳೆ ಹುಟ್ಟಿಕೊಂಡಿರುತ್ತದೆ. ಅದೇ ಕಾಗದ, ಅದೇ ಅಚ್ಚು, ಅದೇ ಪುಸ್ತಕದ ಮಂದಿ. ಆದರೆ ಬರೆದವರು ಬರೆಯದೆ ಬಿಟ್ಟ ಒಂದು ಸಂಗತಿ. ಓದಿದವರ ಹೆಸರು ಅದರಲ್ಲಿ ಇರುವುದಿಲ್ಲ. ಅವರ ಬದುಕಿನ ಒಂದು ಚೂರು ಮಾತ್ರ ಬೇರೆಯವರ ಹೆಸರು ಹೊತ್ತು ಅಲ್ಲಿ ಬಂದು ಕೂತಿರುತ್ತದೆ. ಮುಂದೆ ಆ ಪುಸ್ತಕ ತೆಗೆದುಕೊಂಡವರು ಅದನ್ನೂ ಓದುತ್ತಾರೆ. ಬರೀ ಪುಟ ಮಗುಚಿದವರಿಗೆ ಏನೂ ಹುಟ್ಟುವುದಿಲ್ಲ. ನಮ್ಮ ಪುರಸಭೆಯ ಅಧ್ಯಕ್ಷರು ಒಮ್ಮೆ ಭಾಷಣದಲ್ಲಿ, ವಾಚನಾಲಯದ ಅರ್ಧ ಪುಸ್ತಕ ಓದಿ ಮುಗಿಸಿದ್ದೇನೆ ಎಂದಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ, "ಹಾಳಿ ಎಲ್ಲ್ಯಾವಪಾ?" ಎಂದು ಕೇಳಿದಳು. ಅಂದಿನಿಂದ ಅವರು ರಸ್ತೆ, ಗಟಾರು ಬಿಟ್ಟು ಬೇರೆ ವಿಷಯ ಮಾತಾಡುವುದಿಲ್ಲ.

ಹಾಳೆಯೇನೋ ತಾನಾಗಿ ಹುಟ್ಟುತ್ತದೆ, ಹೊಲಿಗೆ ಹುಟ್ಟುವುದಿಲ್ಲವಲ್ಲ. ಅದಕ್ಕೇ ನಮ್ಮೂರಿಗೆ ಡಾಕ್ಟರಿಗಿಂತ ಮೊದಲು ಬೇಕಾದವರು ಬೈಂಡರು. ತೆಳ್ಳಗೆ ಬಂದ ಪುಸ್ತಕ ಹತ್ತು ವರ್ಷದಲ್ಲಿ ತುಂಬು ಬಸುರಿಯಾಗಿರುತ್ತದೆ. ಬಿಚ್ಚಿ, ಮತ್ತೆ ಹೊಲಿದು, ದೊಡ್ಡ ರಟ್ಟು ಹಾಕಬೇಕು. ಆ ಕೆಲಸ ನನ್ನದು, ನನಗಿಂತ ಮೊದಲು ನನ್ನಪ್ಪನದು. ನನ್ನ ಹೆಸರು ಕಸ್ತೂರಿ. ಮದುವೆಯಾಗಿಲ್ಲ. ಆಗಲೇಬೇಕೆಂದು ಅಪ್ಪ ಹಟ ಹಿಡಿದಿದ್ದರು, ನಾನು ಅವರಿಗಿಂತ ದೊಡ್ಡ ಹಟ ಹಿಡಿದೆ. ಬೈಂಡರು ಮೊದಲ ಸಲ ದಬ್ಬಣ ಕೈಗೆ ತೆಗೆದುಕೊಳ್ಳುವ ದಿನ ವಾಚನಾಲಯದಲ್ಲಿ ಎಲ್ಲರೆದುರು ಎರಡು ಮಾತು ಕೊಡಬೇಕು. ಕೈ ಕಂಡದ್ದು ಬಾಯಿಗೆ ಬರಬಾರದು ಎಂಬುದು ಒಂದು. ಅಂದರೆ ಯಾವ ಹಾಳೆ ಯಾರದೆಂದು ಗೊತ್ತಿದ್ದರೂ ಹೇಳಬಾರದು. ಹಾಳೆಯನ್ನು ತಪ್ಪು ಪುಸ್ತಕಕ್ಕೆ ಹೊಲಿದರೆ ದಬ್ಬಣ ಕೆಳಗಿಡಬೇಕು ಎಂಬುದು ಇನ್ನೊಂದು. ಈ ಎರಡನೆಯದನ್ನು ನಾನು ನೆನಪಿನಲ್ಲಿ ಇಟ್ಟುಕೊಂಡೇ ಇರಲಿಲ್ಲ. ನನ್ನ ಕೈಯ ಮೇಲೆ ನನಗೆ ಅಷ್ಟು ಸೊಕ್ಕು.

ಗುರುಪಾದಪ್ಪ ಕಾಕಾ ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಅವರ ಹೆಂಡತಿ ಸಾವಂತ್ರವ್ವ ತೀರಿಕೊಂಡ ಮೂರನೆಯ ತಿಂಗಳು. ಪೇಟೆಯ ತುದಿಯಲ್ಲಿ ಅವರದು ಹಿಟ್ಟಿನ ಗಿರಣಿ. ಮೀಸೆ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲ ಜೋಳದ ಹಿಟ್ಟು ಕೂತು ಮೊದಲಿನಿಂದಲೂ ಬೆಳ್ಳಗೇ ಇದ್ದದ್ದರಿಂದ ಅವರಿಗೆ ವಯಸ್ಸಾದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಜನ್ಮದಲ್ಲಿ ಒಂದು ಪುಸ್ತಕ ಓದಿದವರಲ್ಲ. "ಓದಿದ್ರ ಹೊಟ್ಟಿ ತುಂಬತೈತೇನು? ಹೊಟ್ಟಿ ತುಂಬಸೂದು ರೊಟ್ಟಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮನುಷ್ಯ.

ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದ್ದರು. ಹನ್ನೆರಡು ವರ್ಷದ ಹಿಂದೆ ಒಂದು ದಿನ, ಗಿರಣಿಯ ಮುಂದೆ ಗಿರಾಕಿಗಳು ಡಬ್ಬಿ ಹಿಡಿದು ನಿಂತಿದ್ದಾಗ, ಒಳಗೆ ಓದುತ್ತ ಕೂತಿದ್ದ ಸಾವಂತ್ರವ್ವನಿಗೆ ಗಂಡ ಕೂಗಿದ್ದು ಕೇಳಲಿಲ್ಲ. ಕಾಕಾ ಒಳಗೆ ಹೋಗಿ ಆಕೆಯ ಕೈಯಿಂದ ಪುಸ್ತಕ ಕಿತ್ತು ಬಚ್ಚಲ ಒಲೆಗೆ ಹಾಕಿದರು. ಹೆಸರೇನೆಂದು ಸಹ ನೋಡಲಿಲ್ಲ. ಆ ಪುಸ್ತಕದಲ್ಲಿ ಹದಿನೇಳು ಹಾಳೆ ಹುಟ್ಟಿದ್ದವು. ಹದಿನೇಳು ಜನರ ಬದುಕು ಒಂದು ಹಂಡೆ ನೀರು ಕಾಯಿಸಿ ಬೂದಿಯಾಯಿತು. ಊರು ಅವರನ್ನು ಬೈಯಿತು, ಆಮೇಲೆ ಮರೆಯಿತು. ಸಾವಂತ್ರವ್ವ ಬೈಯಲೂ ಇಲ್ಲ, ಮರೆಯಲೂ ಇಲ್ಲ. ಅಲ್ಲಿಂದ ಮುಂದೆ ಗಂಡನ ಕಣ್ಣೆದುರು ಆಕೆ ಪುಸ್ತಕ ಹಿಡಿದದ್ದನ್ನು ಯಾರೂ ಕಂಡಿಲ್ಲ.

"ಸಾಯೂ ಮುಂದ ಒಂದ ಮಾತು ಹೇಳ್ಯಾಳ," ಎಂದರು ಕಾಕಾ, ನನ್ನ ಮೇಜಿನ ಮುಂದೆ ಕೂತು. "'ನಂದೊಂದು ಹಾಳಿ ಐತಿ, ಹುಡುಕಿ ಓದ್ರಿ' ಅಂದ್ಲು. ಯಾವ ಪುಸ್ತಕ ಅಂತ ಕೇಳೂದ್ರಾಗ ಕಣ್ಣು ಮುಚ್ಚಿದ್ಲು. ನಿನಗ ಗೊತ್ತಿರತೈತಿ ಕಸ್ತೂರಿ. ನೀನ ಹೊಲದಿರ್ತಿ."

ನನಗೆ ಗೊತ್ತಿತ್ತು. ಹೊಳೆ ದಾಟಿಸುವ ಅಂಬಿಗನೊಬ್ಬನ ಕಾದಂಬರಿ ಅದು. ನಮ್ಮೂರವರು ಅದನ್ನು ಅಂಬಿಗರ ಪುಸ್ತಕ ಎಂದೇ ಕರೆಯುತ್ತಾರೆ. ಅಂದು ಒಲೆಗೆ ಬಿದ್ದದ್ದೂ ಅದೇ. ವಾಚನಾಲಯದವರು ಆಮೇಲೆ ಇನ್ನೊಂದು ಪ್ರತಿ ತರಿಸಿದ್ದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಸಾವಂತ್ರವ್ವ ಆ ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಸಡಿಲ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ಗಟ್ಟಿ ಹೊಲಿ ನಮ್ಮವ್ವ, ಹಾರಿ ಹೋಗಬಾರ್ದು" ಎಂದು ಹೇಳಿ ಹೋಗಿದ್ದಳು. ಅರ್ಧ ಓದಿದಾಗ ಒಲೆಗೆ ಬಿದ್ದದ್ದನ್ನು ಹನ್ನೆರಡು ವರ್ಷದ ಮೇಲೆ ಓದಿ ಮುಗಿಸಿದ ಹೆಂಗಸು!

"ಗೊತ್ತಿದ್ರೂ ಹೇಳಾಂಗಿಲ್ಲ ಕಾಕಾ. ಮಾತು ಕೊಟ್ಟೀನಿ."

"ಪುಸ್ತಕದ ಹೆಸರು ಬ್ಯಾಡ. ಒಂದ ಹೇಳು. ಅದ್ರಾಗ ನನ್ನ ಬೈದಾಳೇನು? ನನ್ನ ಮ್ಯಾಲಿನ ಸಿಟ್ಟು ಇಟಗೊಂಡ ಹ್ವಾದ್ಲೇನು?"

"ನಾ ಓದೂದಿಲ್ಲ ಕಾಕಾ. ಹೊಲಿಯೂದಷ್ಟ ನನ್ನ ಕೆಲಸ."

ಇದು ನಿಜವೇ. ಬೈಂಡರು ಹಾಳೆಯ ಅಂಚು ನೋಡುತ್ತಾರೆ, ಅಕ್ಷರ ನೋಡುವುದಿಲ್ಲ ಎಂದು ಅಪ್ಪ ಕಲಿಸಿದ್ದರು. ಮಿಠಾಯಿ ಮಾರುವವರಿಗೆ ಸಿಹಿ ಬೇಡವಾಗುವಂತೆ ನನಗೂ ಓದು ಬೇಡವಾಗಿತ್ತು. ಕೊನೆಯವರೆಗೆ ಓದಿದ್ದು ಒಂದೇ ಪುಸ್ತಕ, ಅದೂ ಎಂಟು ವರ್ಷದ ಹಿಂದೆ.

ಕಾಕಾ ಎದ್ದು ನೇರ ವಾಚನಾಲಯಕ್ಕೆ ಹೋದರು. ಮಧ್ಯಾಹ್ನ ಗಿರಣಿ ನಿಲ್ಲಿಸಿ ದಿನಾ ಹೋಗತೊಡಗಿದರು. ಕಪಾಟಿನ ತುದಿಯಿಂದ ಒಂದೊಂದೇ ಪುಸ್ತಕ ಎಳೆದು, ಹಿಂದಿನ ಹಾಳೆಗಳನ್ನಷ್ಟೇ ನೋಡಿ ಇಟ್ಟುಬಿಡುತ್ತಿದ್ದರು. ವಾಚನಾಲಯ ನೋಡಿಕೊಳ್ಳುವ ವಾಮನರಾಯರು ನಾಲ್ಕು ದಿನ ಸಹಿಸಿಕೊಂಡರು. ಐದನೆಯ ದಿನ ಅವರಿಗೆ ತಡೆಯಲಿಲ್ಲ.

"ಗುರುಪಾದಪ್ಪ, ಲಗ್ನದ ಊಟಕ್ಕ ಹೋಗಿ ಬರೇ ಎಲಿ ಅಡಿಕಿ ಹಾಕ್ಕೊಂಡು ಬಂದಂಗ ಆತು ಇದು. ಪುಸ್ತಕದ ಮಂದಿ ಯಾರು ಅಂತ ಗೊತ್ತಿಲ್ದ ಹಾಳಿ ಓದಿದ್ರ ನಿನ್ನ ಹೆಂಡ್ತಿ ಎದುರಿಗೆ ಬಂದ್ರೂ ನಿನಗ ಗುರ್ತು ಹತ್ತೂದಿಲ್ಲ."

ಅಲ್ಲಿಂದ ಕಾಕಾ ಮೊದಲ ಪುಟದಿಂದ ಓದತೊಡಗಿದರು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ. ಅವರು ಓದಿದ ಪುಸ್ತಕ ಯಾವುದೆಂದು ಕೇಳಬೇಕಾಗಿರಲಿಲ್ಲ. ಪ್ರತಿ ಸಾಲಿನ ಕೆಳಗೂ ಹಿಟ್ಟಿನ ಬೆರಳಿನ ಗುರುತು. ಮಳೆಗಾಲ ಮುಗಿಯುವಷ್ಟರಲ್ಲಿ ಮೂವತ್ತೊಂದು ಪುಸ್ತಕ ಆಗಿದ್ದವು. ಗಿರಣಿಯಲ್ಲಿ ಡಬ್ಬಿ ಇಟ್ಟವರನ್ನು ನಿಲ್ಲಿಸಿಕೊಂಡು, "ಅಲ್ಲವಾ, ಆ ಸಣ್ಣ ಸೊಸಿ ಹಂಗ್ಯಾಕ ಮಾಡಿದ್ಲಂತಿ?" ಎಂದು ಕೇಳುವಷ್ಟು ಬದಲಾದರು. ಆ ಸೊಸೆಯ ಪರ-ವಿರೋಧದ ಜಗಳದಲ್ಲಿ ಜೋಳದ ಜೊತೆ ಗೋಧಿ ಬೆರೆತು ಎಷ್ಟೋ ಜನ ಆ ವಾರ ಅಂಟು ರೊಟ್ಟಿ ತಿಂದರು. ಆದರೆ ಅವರಿಗೆ ಒಂದು ಹಾಳೆಯೂ ಹುಟ್ಟಲಿಲ್ಲ. ಕೀಲಿ ಕಳೆದುಕೊಂಡವನು ಮನೆಯೆಲ್ಲ ತಡಕುತ್ತಾನೆ, ಮನೆ ಅವನ ಕಣ್ಣಿಗೆ ಬೀಳುವುದಿಲ್ಲ. ಕಾಕಾ ಹುಡುಕುತ್ತಿದ್ದರು, ಓದುತ್ತಿರಲಿಲ್ಲ.

ಅದೇ ಹೊತ್ತಿಗೆ ಊರಲ್ಲಿ ಎಮ್ಮೆ ಹಾಳೆಯ ಗದ್ದಲವೊಂದು ಎದ್ದಿತ್ತು. ಯಾವುದೋ ಕಾದಂಬರಿಯ ಕೊನೆಗೆ ಎಮ್ಮೆಯ ಮೇಲೆ ಒಂದು ಹಾಳೆ ಹುಟ್ಟಿದೆಯಂತೆ, ಅಂಥದ್ದು ಹಿಂದೆಂದೂ ಹುಟ್ಟಿಲ್ಲವಂತೆ. ವಾಮನರಾಯರು ಅದರ ಬಗ್ಗೆ ಮೂರು ಉಪನ್ಯಾಸ ಕೊಟ್ಟರು. ಎಮ್ಮೆ ಎಂದರೆ ಕಾಲ ಎಂದು ಒಂದರಲ್ಲಿ, ಎಮ್ಮೆ ಎಂದರೆ ತಾಯಿ ಎಂದು ಇನ್ನೊಂದರಲ್ಲಿ. ನಾನು ಯಾವುದಕ್ಕೂ ಹೋಗಲಿಲ್ಲ. ಯಾವ ಪುಸ್ತಕ ಎಂದು ಕೇಳಲೂ ಇಲ್ಲ.

ಒಂದು ಬೆಳಿಗ್ಗೆ ನಾನು ಅಂಟು ಕಾಯಿಸುತ್ತಿದ್ದಾಗ ಕಾಕಾ ಬಂದರು. ಕಂಕುಳಲ್ಲಿ ಅಂಬಿಗರ ಪುಸ್ತಕ. ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಎರಡು ಗೆರೆ ತೊಳೆದು ಇಳಿದಿದ್ದವು.

"ಸಿಕ್ಕಳು," ಎಂದರು. "ಕೇಳು, ಓದ್ತೀನಿ."

ಬೆರಳಿಟ್ಟು ಓದಿದರು. "ಅಂಬಿಗನ ಹೆಂಡತಿ ಎರಡು ಮಳೆಗಾಲ ಅವನೊಂದಿಗೆ ಮಾತಾಡಿರಲಿಲ್ಲ. ಒಂದೇ ದೋಣಿಯಲ್ಲಿ ಕೂರುತ್ತಿದ್ದರು, ಒಂದೇ ಬಲೆ ಹೆಣೆಯುತ್ತಿದ್ದರು. ಒಂದು ಸಂಜೆ ಸೂಜಿಗೆ ದಾರ ಪೋಣಿಸಲು ಹೋಗಿ ಅವಳು ಮೂರು ಸಲ ಸೋತಳು. ಅವನು ಏನೂ ಹೇಳದೆ ಸೂಜಿ ತೆಗೆದುಕೊಂಡು, ಪೋಣಿಸಿ, ಅವಳ ಮಂಡಿಯ ಹತ್ತಿರ ಇಟ್ಟ. ಅವಳು ಬಲೆ ಹೆಣೆಯತೊಡಗಿದಳು. ಸಿಟ್ಟು ಯಾವಾಗಲೋ ಹೋಗಿತ್ತು. ಹೋಗಿದೆ ಎಂದು ಹೇಳಲು ಬಾಯಿಗೆ ರೂಢಿ ತಪ್ಪಿತ್ತು."

ಕಾಕಾ ಪುಸ್ತಕ ಮುಚ್ಚಿದರು. "ಸಿಟ್ಟು ಯಾವಾಗಲೋ ಹೋಗಿತ್ತಂತ ಕಸ್ತೂರಿ. ಬಾಯಿಗೆ ರೂಢಿ ತಪ್ಪಿತ್ತಂತ. ಈ ಹನ್ನೆರಡು ವರ್ಷ ನಾನೂ ಹಂಗ ಇದ್ದೆ."

ನನ್ನ ಕೈಯ ಅಂಟಿನ ಪಾತ್ರೆ ಹಾಗೇ ಉಳಿಯಿತು. ಆ ಹಾಳೆ ಸಾವಂತ್ರವ್ವನದಲ್ಲ. ನನ್ನದು.

ಎಂಟು ವರ್ಷದ ಹಿಂದೆ ನಾನು ಓದಿದ ಒಂದೇ ಪುಸ್ತಕ ಅದು. ಮದುವೆಯ ಜಗಳದ ನಂತರ ಅಪ್ಪ ಮತ್ತು ನಾನು ಎರಡು ವರ್ಷ ಮಾತಾಡಿರಲಿಲ್ಲ. ಇದೇ ಮೇಜಿನ ಆ ಕಡೆ ಅವರು, ಈ ಕಡೆ ನಾನು. ಒಂದು ದಿನ ನನ್ನ ಕಣ್ಣಿಗೆ ಧೂಳು ಬಿದ್ದು ಸೂಜಿಗೆ ದಾರ ಹೋಗಲಿಲ್ಲ. ಅಪ್ಪ ಪೋಣಿಸಿ ಕೊಟ್ಟರು. ನಾನು ತೆಗೆದುಕೊಂಡೆ, ಸುಮ್ಮನಿದ್ದೆ. ಆಮೇಲೆ ಈ ಪುಸ್ತಕ ಓದಿ, ಹುಟ್ಟಿದ ಹಾಳೆಯನ್ನು ನಾನೇ ಹೊಲಿದೆ. ಮುಂದಿನ ವರ್ಷ ಅಪ್ಪ ತೀರಿಕೊಂಡರು. ಆ ಪುಸ್ತಕವನ್ನು ನಾನು ಮತ್ತೆ ಓದಲಿಲ್ಲ.

"ಈ ಹಾಳಿ ಸಡ್ಲ ಆಗೇತಿ, ಬಿಗಿ ಮಾಡಿಕೊಡು," ಎಂದರು ಕಾಕಾ. ಹಗುರಾದ ಮನುಷ್ಯ ಹರಟುವಂತೆ ಮುಂದುವರಿಸಿದರು. "ಇದ್ರ ಮುಂದ ಊರೆಲ್ಲ ಕುಣಿಯೂ ಎಮ್ಮಿ ಹಾಳಿ ಐತಿ ನೋಡು. ಛಲೋ ಐತಿ ಖರೆ. ಆದ್ರ ಅದು ನನಗ ಕಾಲನೂ ಅನ್ನಸ್ಲಿಲ್ಲ, ತಾಯೀನೂ ಅನ್ನಸ್ಲಿಲ್ಲ. ಎಮ್ಮಿನ ಅನ್ನಸ್ತು. ಅಂಬಿಗನ ಮನಿಗೆ ಎಮ್ಮಿ ಎಲ್ಲಿಂದ ಬಂತವಾ?"

ಅವರು ಹೋದ ಮೇಲೆ ಪುಸ್ತಕ ತೆರೆದೆ. ನನ್ನ ಹಾಳೆಯ ಮುಂದೆ, ಸಾವಂತ್ರವ್ವನ ಹಾಳೆ ಇರಬೇಕಾದ ಜಾಗದಲ್ಲಿ, ನನ್ನದೇ ನೀಲಿ ದಾರದ ಹೊಲಿಗೆಯಲ್ಲಿ ಹೀಗಿತ್ತು: "ಕರುವನ್ನು ಕಳೆದುಕೊಂಡ ಎಮ್ಮೆ ಮೂರು ದಿನ ಹಾಲು ಕೊಡುವುದಿಲ್ಲ. ಇದಕ್ಕೆ ಔಷಧವಿಲ್ಲ. ಪಕ್ಕದಲ್ಲಿ ಕೂತಿರಬೇಕು."

ಆ ದಿನ ನೆನಪಾಯಿತು. ಸಾವಂತ್ರವ್ವ ಹಾಳೆ ಇಟ್ಟು ಹೋದಾಗ ಮೇಜಿನ ಮೇಲೆ ಇನ್ನೊಂದು ಪುಸ್ತಕವಿತ್ತು: ದನಗಳ ರೋಗ ಮತ್ತು ಆರೈಕೆಯ ಪುಸ್ತಕ. ಅದಕ್ಕೂ ಒಂದು ಸಡಿಲ ಹಾಳೆ, ಅದೇ ಅಳತೆ, ಅದೇ ಬಗೆಯ ಕಾಗದ. ಅದನ್ನೂ ಮನಸ್ಸಿಟ್ಟು ಓದುವವರಿದ್ದಾರೆ, ಹಾಳೆ ಯಾಕೆ ಹುಟ್ಟಬಾರದು? ಕಿಟಕಿಯಿಂದ ಗಾಳಿ ಬೀಸಿ ಎರಡೂ ನೆಲಕ್ಕೆ ಬಿದ್ದಿದ್ದವು. ನಾನು ಎತ್ತಿಕೊಂಡೆ, ಅಳತೆ ನೋಡಿದೆ, ಅಂಚು ನೋಡಿದೆ, ಹೊಲಿದೆ. ಅಕ್ಷರ ನೋಡುವವರು ಬೈಂಡರಲ್ಲವಲ್ಲ!

ಮಧ್ಯಾಹ್ನ ವಾಚನಾಲಯದಿಂದ ದನದ ಪುಸ್ತಕ ತಂದೆ. ಕೊನೆಯ ಹಾಳೆ ಓದಿದೆ. ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಕಾಕಾನಿಗೆ ನೆಮ್ಮದಿ ಸಿಕ್ಕಿತ್ತು, ನನಗೆ ದಬ್ಬಣ ಉಳಿಯುತ್ತಿತ್ತು, ವಾಮನರಾಯರಿಗೆ ಎಮ್ಮೆ ಇತ್ತು. ಆದರೆ ಸಾಯುವ ಹೆಂಗಸು ಗಟ್ಟಿ ಹೊಲಿ ಎಂದು ನನ್ನ ಕೈಗೆ ಕೊಟ್ಟದ್ದು ಕಾಲುಬಾಯಿ ಬೇನೆಯ ಪಕ್ಕದಲ್ಲಿ ಬಿದ್ದಿತ್ತು. ಒಮ್ಮೆ ಸುಮ್ಮನಿದ್ದು ಏನಾಯಿತೆಂದು ನನಗೆ ಗೊತ್ತಿದೆ. ಎರಡೂ ಪುಸ್ತಕ ಎತ್ತಿಕೊಂಡು ಗಿರಣಿಗೆ ನಡೆದೆ.

"ಕಾಕಾ, ಬೆಲ್ಟ್ ನಿಲ್ಲಸ್ರಿ. ಸದ್ದಿನಾಗ ಹೇಳೂ ಮಾತಲ್ಲ."

ಗಿರಣಿ ನಿಂತಿತು. ಹೇಳಿದೆ. "ನೀವು ಓದಿದ ಹಾಳಿ ಸಾವಂತ್ರವ್ವ ಕಾಕೂಂದಲ್ಲ. ಅದು ನಂದು. ನಂದು ನಾ ಹೇಳಬಹುದು, ಅದಕ್ಕ ಮಾತಿನ ಅಡ್ಡಿ ಇಲ್ಲ."

ಕಾಕಾ ನನ್ನನ್ನೇ ನೋಡಿದರು. ಬೈದರೆ ಬೈಯಲಿ ಎಂದು ನಿಂತೇ ಇದ್ದೆ.

"ಮುಂಜಾನೆಯಿಂದ ಎದಿ ಹಗುರ ಆಗಿತ್ತು," ಎಂದರು. "ಸಂಜಿ ತನಕರೆ ಬಿಡಬಾರದೇನವಾ?" ಆಮೇಲೆ ಜೋಳದ ಚೀಲದ ಮೇಲೆ ಕೂತು ಕೇಳಿದರು. "ಯಾರ ಮ್ಯಾಲಿನ ಸಿಟ್ಟು ಅದು?"

"ಅಪ್ಪನ ಮ್ಯಾಲಿಂದು."

"ಅಂವ ಓದಿದ್ನೇನು ಅದನ್ನ?"

"ಗೊತ್ತಿಲ್ಲ. ಓದಿರಲಿಕ್ಕಿಲ್ಲ. ಅಪ್ಪ ಅಕ್ಷರ ನೋಡ್ತಿರಲಿಲ್ಲ."

ಕಾಕಾ ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ತಲೆಯ ಮೇಲೆ ಇಟ್ಟರು. "ನಾ ಓದೀನಲ್ಲ," ಎಂದರು. "ನಿಮ್ಮಪ್ಪನ ಬದ್ಲಿ ನಾ ಓದಿದೆ ಅಂತ ತಿಳ್ಕೊ. ನಿನ್ನ ಸಿಟ್ಟು ಹೋಗಿದ್ದು ಒಬ್ಬ ಮುದುಕಗರೆ ಮುಟ್ಟಿತು. ನಾನಂತೂ ಕುಂತ ಕುಂತಲ್ಲೆ ಅತ್ತೆ."

ಎಂಟು ವರ್ಷದಿಂದ ಬಾರದ ಅಳು ನನಗೆ ಅಲ್ಲಿ ಬಂತು. ಗಿರಣಿಯಲ್ಲಿ ಅಳುವುದರಲ್ಲಿ ಒಂದು ತೊಂದರೆಯಿದೆ, ಮುಖದ ಮೇಲೆ ಹಿಟ್ಟು ನಾದಿದ ಹಾಗಾಗುತ್ತದೆ. ಕಾಕಾ ನೋಡಿ ನಕ್ಕರು. ನಾನೂ ನಕ್ಕೆ.

ಆಮೇಲೆ ದನದ ಪುಸ್ತಕ ಮುಂದಿಟ್ಟೆ. "ಇದ್ರ ಕಡೀ ಹಾಳಿ ಅಂಬಿಗರ ಪುಸ್ತಕದ್ದು. ತಪ್ಪಿ ಇಲ್ಲೆ ಹೊಲದೀನಿ. ಯಾರದು ಅಂತ ನಾ ಹೇಳೂದಿಲ್ಲ. ಇವತ್ತ ಬಿಚ್ಚಿ ಅದರ ಜಾಗಾಕ್ಕ ಹಾಕ್ತೀನಿ. ಅದಕ್ಕಿಂತ ಮೊದಲ ಓದೂದಿದ್ರ ಓದ್ರಿ."

ಕಾಕಾನಿಗೆ ಅರ್ಥವಾಯಿತು. ಪುಸ್ತಕ ಮುಟ್ಟಲಿಲ್ಲ. "ಬೈದಿದ್ರ?" ಎಂದರು.

"ಬೈದಿದ್ರ ಬೈಸಿಕೊಳ್ರಿ. ಒಲಿಗೆ ಹಾಕಿದವ್ರು ನೀವ ಅಲ್ಲೇನು?"

ಬೆರಳಿಟ್ಟು ಓದಿದರು. ಈ ಸಲ ದನಿ ಹೊರಡಲಿಲ್ಲ, ತುಟಿಯಷ್ಟೇ ಅಲ್ಲಾಡಿತು. ಆ ಹಾಳೆ ಯಾರದೆಂದು ಆಮೇಲೆ ಕಾಕಾ ತಾವೇ ಊರಿಗೆಲ್ಲ ಹೇಳಿಕೊಂಡಿದ್ದರಿಂದ ಇಲ್ಲಿ ಹೇಳಬಹುದು, ನೂರು ಸಲ ಓದಿದ್ದೇನೆ, ಬಾಯಿಪಾಠ ಬರುತ್ತದೆ:

"ಒಂದು ಬೆಳಿಗ್ಗೆ ಅಂಬಿಗನ ಹೆಂಡತಿ ಯಾರಿಗೂ ಹೇಳದೆ ಹುಟ್ಟು ಹಿಡಿದು ದೋಣಿ ಏರಿದಳು. ದೋಣಿ ಮೊದಲು ಸುತ್ತಿತು, ಆಮೇಲೆ ಮಾತು ಕೇಳಿತು. ಆಚೆ ದಡದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿ, ಅಡುಗೆಗೆ ಇಟ್ಟಳು. ಬಹಳ ವರ್ಷದ ಮೇಲೆ ಕೈ ಖಾಲಿ ಬಿಟ್ಟು ಕೂತು ಹೊಳೆ ನೋಡಿದಳು. ಸಾರು ಕುದಿಯುವಾಗ ನೆನಪಾಯಿತು, ಉಪ್ಪು ತಂದಿಲ್ಲ. ಈಚೆ ದಡದಲ್ಲಿ ಗಂಡ ದಿಕ್ಕು ತೋಚದೆ ನಿಂತಿದ್ದ. ಅವಳು ಕೈಯನ್ನು ಬಾಯಿಗೆ ಹಿಡಿದು ಕೂಗಿದಳು: ಅವಸರ ಮಾಡಬೇಡಿ. ಬರುವಾಗ ಉಪ್ಪು ತನ್ನಿ."

ಕಾಕಾ ಎರಡನೆಯ ಸಲ ಓದಿದರು, ಮೂರನೆಯ ಸಲ ಓದಿದರು. "ಉಪ್ಪು ಮರ್ಯೂದು ಅಕಿ ಹಳೇ ಚಾಳಿ," ಎಂದರು. "ದಿನಾ ಊಟಕ್ಕ ಕುಂತ ಮ್ಯಾಲ ನಾನ ಎದ್ದು ಹೋಗಿ ತರ್ತಿದ್ದೆ." ಎದ್ದು ಒಳಗೆ ಹೋದರು. ಬಚ್ಚಲ ಕಡೆಯಿಂದ ಅವರು ಬಿಕ್ಕುವುದು ಕೇಳಿತು. ನಾನು ಗಿರಾಕಿಗಳಿಗೆ, ಇವತ್ತು ಗಿರಣಿ ಇಲ್ಲ, ನಾಳೆ ಬನ್ನಿ ಎಂದು ಹೇಳಿ ಡಬ್ಬಿಗಳನ್ನು ಸಾಲಾಗಿ ಇಟ್ಟೆ.

ಸಂಜೆ ವಾಚನಾಲಯಕ್ಕೆ ಹೋಗಿ ವಾಮನರಾಯರ ಮೇಜಿನ ಮೇಲೆ ದಬ್ಬಣ ಇಟ್ಟೆ. ಯಾರ ಹಾಳೆ ಎಂಬುದನ್ನು ಬಿಟ್ಟು ಆದದ್ದನ್ನೆಲ್ಲ ಹೇಳಿದೆ. ಅವರು ಚಷ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅಂದ್ರ ಆ ಎಮ್ಮಿ ಖರೇನ ಎಮ್ಮಿ?"

"ಹೌದ್ರಿ."

"ಮೂರು ಉಪನ್ಯಾಸ ಮಾಡೀನಲ್ಲ ಕಸ್ತೂರಿ!" ಎಂದು ತಲೆ ಹಿಡಿದುಕೊಂಡರು. ಆಮೇಲೆ ದಬ್ಬಣವನ್ನು ನನ್ನ ಕಡೆಗೆ ತಳ್ಳಿದರು. "ನೀ ಇದನ್ನ ಕೆಳಗಿಟ್ರ ನಾ ಚಷ್ಮಾ ಕೆಳಗಿಡಬೇಕಾಗತೈತಿ. ತಗೊಂಡ ನಡಿ. ಇನ್ನ ಮ್ಯಾಲೆ ಓದಿ ಹೊಲಿ." ನಾನು ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದರು, "ಆದ್ರೂ ಆ ಹಾಳಿ ಓದಿದ ದಿನ ನಾನು ನಮ್ಮ ತಂಗಿ ಮನಿಗೆ ಹೋಗಿ ಸುಮ್ಮನ ಒಂದು ತಾಸು ಕುಂತು ಬಂದೀನಿ. ಅಕಿ ಕೂಸು ಹೋಗಿ ವಾರ ಆಗಿತ್ತು. ಅದು ಸುಳ್ಳಲ್ಲ."

ಎರಡು ಹಾಳೆಯೂ ತಮ್ಮ ತಮ್ಮ ಜಾಗಕ್ಕೆ ಸೇರಿದವು. ಈಗ ಕಾದಂಬರಿ ಓದುವವರೆಲ್ಲ ಎಮ್ಮೆ ಹಾಳೆಗಾಗಿ ದನದ ಪುಸ್ತಕಕ್ಕೆ ಸಾಲು ಹಚ್ಚುತ್ತಾರೆ. ದನ ಸಾಕುವವರು ಪುಸ್ತಕ ಸಿಗುವುದಿಲ್ಲವೆಂದು ಗೊಣಗುತ್ತ, ಅದು ಬರುವವರೆಗೆ ಇರಲಿ ಎಂದು ಕಾದಂಬರಿ ಒಯ್ಯುತ್ತಾರೆ. ನಾನು ಪ್ರತಿಯೊಂದು ಹಾಳೆಯನ್ನೂ ಓದಿಯೇ ಹೊಲಿಯುತ್ತೇನೆ. ಕೆಲಸ ನಿಧಾನವಾಗಿದೆ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಬೈಯಲಿ, ನಾನು ಅವರಿಗೂ ಓದಿ ಹೇಳುತ್ತಿದ್ದೆ.

ಗುರುಪಾದಪ್ಪ ಕಾಕಾ ಅಂಬಿಗರ ಪುಸ್ತಕವನ್ನು ಮತ್ತೊಮ್ಮೆ ಒಯ್ದರು. ಈಗ ಅವರಿಗೆ ಹುಡುಕಲು ಏನೂ ಇರಲಿಲ್ಲ. ಮೊದಲ ಪುಟದಿಂದ, ಅವಸರ ಮಾಡದೆ, ಇಪ್ಪತ್ತು ದಿನ ಓದಿದರು. ಓದಿ ಮುಗಿಸಿದ ಮೂರನೆಯ ದಿನ ಬೆಳಿಗ್ಗೆ, ಗಿರಣಿ ತೆರೆಯುವ ಮುಂಚೆಯೇ, ನನ್ನ ಬಾಗಿಲಿಗೆ ಬಂದರು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಒಳಗಿನದು ಗಾಳಿಗೆ ಬೀಳದ ಹಾಗೆ.

"ಗಟ್ಟಿ ಹೊಲಿ," ಎಂದರು. "ಅಕಿ ಹಾಳಿ ಮಗ್ಗಲಕ್ಕ."

ಅವರು ಹೋದ ಮೇಲೆ ಓದಿದೆ, ಹೊಲಿದೆ. ಕೈ ಕಂಡದ್ದು ಬಾಯಿಗೆ ಬರಬಾರದು. ಅದರಲ್ಲಿ ಏನು ಬರೆದಿತ್ತೆಂದು ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ಉಪ್ಪು ಇತ್ತು.